ಹೆಣ್ಣುನಾಯಿಯ ಸ್ತನಗಡ್ಡೆ: ಜೀನುಗಳ ಮೇಲೆ ಬೀಳುವ ನಮೂದುಗಳು

ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳ ಹೊಲಮನೆಗಳಲ್ಲಿ ನಾಯಿಯೆಂಬುದು ಶೋಕಿಗಾಗಿ ಸಾಕಿದ ಪ್ರಾಣಿಯಲ್ಲ. ಮನೆಯವರೊಡನೆ ದುಡಿಯುವ ಜೀವ. ತೊಗರಿ, ಸೋಯಾಬೀನಿನ ರಾಶಿ ಕಾಯುವುದು, ರಾತ್ರಿ ಕೊಟ್ಟಿಗೆಯ ಬಾಗಿಲಲ್ಲಿ ಎಚ್ಚರವಿದ್ದು ಮಲಗುವುದು, ಶಾಲೆಗೆ ಹೊರಟ ಮಕ್ಕಳನ್ನು ಊರ ಅಗಸೆಯವರೆಗೆ ಬಿಟ್ಟು ಬರುವುದು ಎಲ್ಲವೂ ಅದರ ಪಾಲಿನ ಕೆಲಸ. ಲಾತೂರ ಜಿಲ್ಲೆಯ ಜಾನವಳ ಗ್ರಾಮವಂತೂ ಕಾರವಾನ್ ತಳಿಯ ಬೇಟೆನಾಯಿಗಳಿಂದಲೇ ದೂರದೂರದವರೆಗೆ ಹೆಸರಾಗಿದೆ.

ಇಂಥ ನಾಯಿ ಹೆಣ್ಣಾಗಿದ್ದು, ಅದರ ವಯಸ್ಸು ಎಂಟೊಂಬತ್ತು ವರ್ಷ ಮುಟ್ಟಿದ್ದರೆ, ಒಂದು ದಿನ ಹೊಟ್ಟೆಯಡಿಯಲ್ಲಿ ಕಡಲೆಕಾಳಿನಷ್ಟು ಗಟ್ಟಿಯಾದ ಗಂಟೊಂದು ಕೈಗೆ ಸಿಕ್ಕೀತು. ‘ಹಾಲು ಕಟ್ಟಿದೆ’ ಎಂದು ಹಿರಿಯರು ಅರಿಶಿನ ಹಚ್ಚುತ್ತಾರೆ. ಕೆಲವು ತಿಂಗಳಲ್ಲಿ ಅದು ನಿಂಬೆಹಣ್ಣಿನ ಗಾತ್ರಕ್ಕೆ ಬರುತ್ತದೆ, ಒಡೆದು ಕೀವು ಸುರಿಯುತ್ತದೆ, ನೊಣಗಳು ಮುತ್ತುತ್ತವೆ. ಪಶುವೈದ್ಯರ ನೆನಪಾಗುವ ಹೊತ್ತಿಗೆ ಬಹುಮಟ್ಟಿಗೆ ಕಾಲ ಮೀರಿರುತ್ತದೆ. ಆಗ ‘ಅದರ ಹಣೆಬರಹ’ ಎಂದು ಹೇಳಿ ಸುಮ್ಮನಾಗುವುದು ನಮ್ಮಲ್ಲಿ ರೂಢಿ.

ಈ ‘ಹಣೆಬರಹ’ ಎಂಬ ಮಾತನ್ನೇ ವಿಜ್ಞಾನವು ಕಳೆದ ಕೆಲವು ದಶಕಗಳಲ್ಲಿ ಮತ್ತೆ ವಿಚಾರಣೆಗೆ ತೆಗೆದುಕೊಂಡಿದೆ. ಹುಟ್ಟಿನಲ್ಲಿ ಬರೆದದ್ದೇ ಎಲ್ಲವೂ ಅಲ್ಲ, ಬಾಳುವೆಯುದ್ದಕ್ಕೂ ಅದರ ಮೇಲೆ ಬೀಳುವ ಗುರುತುಗಳಿಗೂ ಅಷ್ಟೇ ತೂಕವಿದೆ ಎಂಬುದು ಅದರ ತೀರ್ಮಾನ. ಆ ಗುರುತುಗಳ ಅಧ್ಯಯನಕ್ಕೆ ಎಪಿಜೆನೆಟಿಕ್ಸ್ ಎಂದು ಹೆಸರು. ಹೆಣ್ಣುನಾಯಿಯ ಸ್ತನಗಡ್ಡೆ ಈ ಅಧ್ಯಯನಕ್ಕೆ ಒದಗಿರುವ ಮುಖ್ಯ ವಿಷಯಗಳಲ್ಲಿ ಒಂದು.

ರೋಗದ ಸ್ವರೂಪ

ಹೆಣ್ಣುನಾಯಿಗೆ ಸಾಮಾನ್ಯವಾಗಿ ಐದು ಜೋಡಿ, ಅಂದರೆ 10 ಸ್ತನಗ್ರಂಥಿಗಳಿರುತ್ತವೆ. ಗಡ್ಡೆಗಳು ಹೆಚ್ಚಾಗಿ ಕಾಣಿಸುವುದು ಹಿಂಗಾಲಿನ ಕಡೆಯ ಕೊನೆಯ ಎರಡು ಜೋಡಿಗಳಲ್ಲಿ. ಸಂತಾನಹರಣ ಶಸ್ತ್ರಕ್ರಿಯೆ ಆಗದ ಹೆಣ್ಣುನಾಯಿಗಳಲ್ಲಿ ಅತಿ ಸಾಮಾನ್ಯವಾದ ಗಡ್ಡೆ ಇದೇ. ಗಂಡುನಾಯಿಗಳಲ್ಲಿ ಇದು ತೀರ ವಿರಳ. ಸ್ಥೂಲವಾಗಿ ಹೇಳುವುದಾದರೆ ಇಂಥ ಗಡ್ಡೆಗಳಲ್ಲಿ ಅರ್ಧದಷ್ಟು ನಿರಪಾಯದವು. ಉಳಿದರ್ಧ ಅರ್ಬುದ, ಅಂದರೆ ಕ್ಯಾನ್ಸರ್. ಯಾವುದು ಯಾವ ಬಗೆಯದು ಎಂಬುದು ಕೈಯಿಂದ ಮುಟ್ಟಿ ನೋಡಿದರೆ ನಿಶ್ಚಯವಾಗದು. ತೆಗೆದ ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದ ಬಳಿಕವೇ ತೀರ್ಪು.

ಗಾತ್ರಕ್ಕೆ ಇಲ್ಲಿ ದೊಡ್ಡ ಅರ್ಥವಿದೆ. 3 ಸೆಂಟಿಮೀಟರಿಗಿಂತ ಚಿಕ್ಕದಿರುವಾಗ ತೆಗೆಸಿದ ಗಡ್ಡೆಯ ನಾಯಿಗೆ ಬದುಕಿ ಉಳಿಯುವ ಅವಕಾಶ ಹೆಚ್ಚು. ಗಡ್ಡೆ 5 ಸೆಂಟಿಮೀಟರು ಮೀರಿದರೆ ಆ ಅವಕಾಶ ಕುಗ್ಗುತ್ತ ಹೋಗುತ್ತದೆ. ಅರ್ಬುದವಾಗಿದ್ದರೆ ಅದು ಹತ್ತಿರದ ದುಗ್ಧಗ್ರಂಥಿಗಳಿಗೂ ಅಲ್ಲಿಂದ ಶ್ವಾಸಕೋಶಕ್ಕೂ ಹರಡುತ್ತದೆ. ಬಹುತೇಕ ಪ್ರಸಂಗಗಳಲ್ಲಿ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆಯೇ ಆಗಿರುವುದರಿಂದ, ಬೇಗ ಕಂಡುಹಿಡಿಯುವುದೇ ಅರ್ಧ ಚಿಕಿತ್ಸೆ.

ಬೀದಿನಾಯಿಗಳ ಜನನಾಂಗದಲ್ಲಿ ಕಾಣುವ, ಕೂಡುವಿಕೆಯಿಂದ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಗಡ್ಡೆ ಬೇರೆಯೇ ರೋಗ. ಅದಕ್ಕೆ ವಿನ್‌ಕ್ರಿಸ್ಟಿನ್ ಎಂಬ ಔಷಧ ಚೆನ್ನಾಗಿ ನಾಟುತ್ತದೆ. ಸ್ತನಗಡ್ಡೆ ಹಾಗೆ ಹರಡುವುದಿಲ್ಲ. ಇನ್ನೊಂದು ನಾಯಿಗಾಗಲಿ, ಅದನ್ನು ಮುಟ್ಟಿದ ಮಕ್ಕಳಿಗಾಗಲಿ ಅಂಟುವುದಿಲ್ಲ.

ಹಾರ್ಮೋನಿನ ಪಾತ್ರ

ಈ ರೋಗಕ್ಕೂ ಹೆಣ್ತನದ ಹಾರ್ಮೋನುಗಳಿಗೂ ಇರುವ ನಂಟು ಬಹುಕಾಲದಿಂದ ತಿಳಿದದ್ದು. 1969ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಇಂದಿಗೂ ಪಶುವೈದ್ಯರು ಉದಾಹರಿಸುತ್ತಾರೆ. ಶಸ್ತ್ರಕ್ರಿಯೆಯಾಗದ ನಾಯಿಗಿರುವ ಅಪಾಯವನ್ನು 100 ಎಂದಿಟ್ಟುಕೊಂಡರೆ, ಮೊದಲ ಬೆದೆಗಿಂತ ಮುಂಚೆ ಶಸ್ತ್ರಕ್ರಿಯೆಯಾದ ನಾಯಿಗೆ ಅದು ಕೇವಲ 0.5, ಒಂದು ಬೆದೆಯ ನಂತರ 8, ಎರಡು ಅಥವಾ ಹೆಚ್ಚು ಬೆದೆಗಳ ನಂತರ 26 ಎಂಬುದು ಅದರ ನಿಷ್ಕರ್ಷೆ. 2012ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗಿಟ್ಟು ಪರಿಶೀಲಿಸಿದವರು, ಸಾಕ್ಷ್ಯವು ನಾವು ಭಾವಿಸಿದಷ್ಟು ಗಟ್ಟಿಯಲ್ಲವೆಂದು ಎಚ್ಚರಿಸಿದ್ದಾರೆ. ಆದುದರಿಂದ ಈ ಅಂಕಿಗಳನ್ನು ಅಂತಿಮ ತೀರ್ಪೆಂದು ಹಿಡಿಯದೆ, ಪ್ರಬಲ ಸೂಚನೆಯೆಂದು ಹಿಡಿಯುವುದು ಲೇಸು. ಶಸ್ತ್ರಕ್ರಿಯೆಗೆ ತಕ್ಕ ವಯಸ್ಸು ತಳಿಯಿಂದ ತಳಿಗೆ ಬೇರೆಯಾಗುವುದರಿಂದ ಅದನ್ನು ವೈದ್ಯರೊಡನೆ ಮಾತಾಡಿಯೇ ಗೊತ್ತುಮಾಡಬೇಕು.

ಬೆದೆ ತಡೆಯಲೆಂದು ಕೊಡುವ ಪ್ರೊಜೆಸ್ಟಿನ್ ಜಾತಿಯ ಚುಚ್ಚುಮದ್ದುಗಳು ಸ್ತನಗಡ್ಡೆಯ ಅಪಾಯವನ್ನು ಹೆಚ್ಚಿಸುತ್ತವೆ. ‘ಶಸ್ತ್ರಕ್ರಿಯೆ ಏಕೆ, ಒಂದು ಇಂಜೆಕ್ಷನ್ ಸಾಕು’ ಎಂಬ ಅಗ್ಗದ ಉಪಾಯದ ಬೆಲೆಯನ್ನು ನಾಯಿ ಮುಂದೆ ತೆರಬೇಕಾಗುತ್ತದೆ. ಒಂದು ವರ್ಷದ ಪ್ರಾಯದಲ್ಲಿ ಅತಿಯಾಗಿ ಬೊಜ್ಜು ಬೆಳೆದಿದ್ದ ನಾಯಿಗಳಲ್ಲಿ ಮುಂದೆ ಈ ರೋಗ ಹೆಚ್ಚು ಕಂಡದ್ದೂ ದಾಖಲಾಗಿದೆ.

ಎಂದೋ ಬಂದುಹೋದ ಬೆದೆಗಳು, ಎಂದೋ ಚುಚ್ಚಿದ ಮದ್ದು, ಮರಿತನದ ಬೊಜ್ಜು, ಇವು ಏಳೆಂಟು ವರ್ಷಗಳ ನಂತರ ಗಡ್ಡೆಯಾಗಿ ಹೇಗೆ ಎದ್ದವು? ನಡುವಿನ ಇಷ್ಟು ವರ್ಷ ಅವುಗಳ ನೆನಪನ್ನು ಜೀವಕೋಶ ಎಲ್ಲಿ ಇಟ್ಟುಕೊಂಡಿತ್ತು? ಎಪಿಜೆನೆಟಿಕ್ಸ್ ಉತ್ತರಿಸಲು ಹೊರಟಿರುವ ಪ್ರಶ್ನೆಗಳಲ್ಲಿ ಇದೂ ಒಂದು.

ಸಾತ್‌ಬಾರಾ ಉತಾರೆಯ ಹೋಲಿಕೆ

ನಮ್ಮ ಭಾಗದ ರೈತ ಕುಟುಂಬಗಳಿಗೆ ಸಾತ್‌ಬಾರಾ ಉತಾರೆ ಚಿರಪರಿಚಿತ. ಜಮೀನು ಅದೇ, ಗಟ್ ನಂಬರ್ ಅದೇ, ಕ್ಷೇತ್ರವೂ ಅದೇ. ಆದರೆ ಉತಾರೆಯ ‘ಇತರ ಹಕ್ಕು’ಗಳ ಅಂಕಣದಲ್ಲಿ ಬ್ಯಾಂಕಿನ ಬೋಜಾ ಬಿದ್ದರೆ ಆ ಜಮೀನನ್ನು ಸಲೀಸಾಗಿ ಮಾರಲಾಗದು. ಮಣ್ಣಿನಲ್ಲಿ ಒಂದು ಹೆಂಟೆಯೂ ಬದಲಾಗಿಲ್ಲ. ಬದಲಾದದ್ದು ನಮೂದು ಮಾತ್ರ. ಸಾಲ ತೀರಿದ ಮೇಲೆ ಆ ನಮೂದನ್ನು ಕಡಿಮೆ ಮಾಡಿಸಬಹುದು.

ಜೀವಕೋಶದ ಡಿಎನ್‌ಎ ಆ ಜಮೀನಿನಂತೆ. ನಾಯಿಯ ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಿಂದಾದ ಸುಮಾರು 240 ಕೋಟಿ ಅಕ್ಷರಗಳ ಬರಹವಿದೆ. ಟಾಷಾ ಎಂಬ ಬಾಕ್ಸರ್ ತಳಿಯ ಹೆಣ್ಣುನಾಯಿಯ ಡಿಎನ್‌ಎಯನ್ನು ಆಧಾರವಾಗಿಟ್ಟುಕೊಂಡು ಈ ಬರಹದ ಪೂರ್ಣಪ್ರಮಾಣದ ಪಾಠ 2005ರಲ್ಲಿ ಪ್ರಕಟವಾಯಿತು. ಒಂದೇ ನಾಯಿಯ ಚರ್ಮದ ಕೋಶದಲ್ಲೂ ಸ್ತನದ ಕೋಶದಲ್ಲೂ ಈ ಬರಹ ಒಂದೇ. ಆದರೂ ಒಂದು ಕೂದಲು ಬೆಳೆಸುತ್ತದೆ, ಇನ್ನೊಂದು ಹಾಲು ಸುರಿಸುತ್ತದೆ. ಯಾವ ಕೋಶದಲ್ಲಿ ಯಾವ ಜೀನು ಓದಲ್ಪಡಬೇಕು, ಯಾವುದು ಮೌನವಾಗಿರಬೇಕು ಎಂಬುದನ್ನು ಡಿಎನ್‌ಎಯ ಮೇಲೆ ಬೀಳುವ ರಾಸಾಯನಿಕ ನಮೂದುಗಳು ನಿರ್ಧರಿಸುತ್ತವೆ. ಎಪಿಜೆನೆಟಿಕ್ಸ್ ಎಂಬ ಪದವನ್ನು 1942ರಲ್ಲಿ ಟಂಕಿಸಿದವರು ಬ್ರಿಟನ್ನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್. ಅಂದು ಡಿಎನ್‌ಎಯ ರಚನೆ ಇನ್ನೂ ತಿಳಿದಿರಲಿಲ್ಲ.

ಈ ನಮೂದುಗಳಲ್ಲಿ ಮುಖ್ಯವಾದದ್ದು ಮೀಥೈಲ್ ಗುಂಪು. ಒಂದು ಕಾರ್ಬನ್, ಮೂರು ಹೈಡ್ರೋಜನ್ ಪರಮಾಣುಗಳ ಈ ಪುಟ್ಟ ಗುಂಪು ‘ಸಿ’ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಜೀನಿನ ಆರಂಭದ ಭಾಗದಲ್ಲಿ ಇಂಥ ಗುಂಪುಗಳು ದಟ್ಟವಾಗಿ ಅಂಟಿದರೆ ಆ ಜೀನು ಸಾಮಾನ್ಯವಾಗಿ ಮುಚ್ಚಿಹೋಗುತ್ತದೆ. ಇನ್ನೊಂದು ಬಗೆಯ ನಮೂದು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಬೀಳುತ್ತದೆ. ನೂಲು ಉಂಡೆಗೆ ಸುತ್ತಿದಂತೆ ಡಿಎನ್‌ಎ ಈ ಪ್ರೋಟೀನುಗಳಿಗೆ ಸುತ್ತಿಕೊಂಡಿದೆ. ಸುತ್ತು ಬಿಗಿಯಾದಲ್ಲಿ ಜೀನು ಓದಲು ಸಿಗದು, ಸಡಿಲವಾದಲ್ಲಿ ಸಿಗುತ್ತದೆ. ಕೋಶವು ಒಡೆದು ಎರಡಾಗುವಾಗ ಈ ಗುರುತುಗಳೂ ನಕಲಾಗುತ್ತವೆ. ಉತಾರೆಯ ನಕಲು ತೆಗೆಸಿದರೆ ಬೋಜೆಯ ನಮೂದೂ ಜೊತೆಗೇ ಬರುವುದಿಲ್ಲವೇ? ಹಾಗೆಯೇ ಇದು. ಕೋಶಕ್ಕೆ ಹಳೆಯದರ ನೆನಪು ಉಳಿಯುವುದು ಈ ಬಗೆಯಲ್ಲಿ.

ಜೇನುಗೂಡಿನಲ್ಲಿ ಇದರ ಸುಲಭ ಉದಾಹರಣೆಯಿದೆ. ರಾಣಿಯೂ ಕೆಲಸಗಾರ ನೊಣವೂ ಒಂದೇ ಬಗೆಯ ಡಿಎನ್‌ಎ ಹೊತ್ತು ಹುಟ್ಟುತ್ತವೆ. ಮರಿಹುಳುವಾಗಿದ್ದಾಗ ತಿನ್ನುವ ಆಹಾರವೇ ಅವುಗಳ ಪಾಡನ್ನು ಬೇರೆಮಾಡುತ್ತದೆ. ಮೀಥೈಲ್ ನಮೂದು ಹಾಕುವ ಕಿಣ್ವವನ್ನು ಮರಿಹುಳುಗಳಲ್ಲಿ ಅಡಗಿಸಿದಾಗ ಅವುಗಳಲ್ಲಿ ಹೆಚ್ಚಿನವು ರಾಣಿಯ ಲಕ್ಷಣಗಳನ್ನು ಪಡೆದವೆಂದು 2008ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ತೋರಿಸಿದರು.

ಗಡ್ಡೆಯೊಳಗೆ ನಮೂದುಗಳ ಗೊಂದಲ

ಕ್ಯಾನ್ಸರಿನಲ್ಲಿ ಡಿಎನ್‌ಎಯ ಅಕ್ಷರಗಳೇ ಕೆಡುವುದುಂಟು. ಇದು ಜಮೀನಿನ ಗಡಿಕಲ್ಲನ್ನೇ ಕಿತ್ತು ಬೇರೆಡೆ ನೆಟ್ಟಂತೆ. ಅದರ ಜೊತೆಗೆ ನಮೂದುಗಳೂ ಕೆಡುತ್ತವೆ. ಆಂಡ್ರ್ಯೂ ಫೈನ್‌ಬರ್ಗ್ ಮತ್ತು ಬರ್ಟ್ ವೋಗಲ್‌ಸ್ಟೈನ್ 1983ರಲ್ಲಿ ಮನುಷ್ಯರ ಗಡ್ಡೆಗಳಲ್ಲಿ ಮೀಥೈಲ್ ಗುರುತುಗಳು ಅಳಿದಿರುವುದನ್ನು ತೋರಿಸಿದರು. ಗಡ್ಡೆಯ ಕೋಶಗಳಲ್ಲಿ ಒಟ್ಟಾರೆ ಮೀಥೈಲ್ ಗುರುತು ಕಡಿಮೆಯಾಗಿ, ಮುಚ್ಚಿರಬೇಕಾದ ಭಾಗಗಳು ತೆರೆದುಕೊಳ್ಳುತ್ತವೆ. ಅದೇ ವೇಳೆಗೆ ಗಡ್ಡೆಯನ್ನು ತಡೆಯುವ ಕಾವಲು ಜೀನುಗಳ ಆರಂಭದಲ್ಲಿ ಆ ಗುರುತು ಅತಿಯಾಗಿ ಬಿದ್ದು ಅವು ಮೌನವಾಗುತ್ತವೆ. ಹೆಂಗಸರ ಸ್ತನಕ್ಯಾನ್ಸರಿನ ಒಂದು ಪಾಲು ಗಡ್ಡೆಗಳಲ್ಲಿ ಬಿಆರ್‌ಸಿಎ1 ಎಂಬ ಕಾವಲು ಜೀನಿನ ಒಂದಕ್ಷರವೂ ಕೆಟ್ಟಿರುವುದಿಲ್ಲ. ಆದರೂ ಮೀಥೈಲ್ ಬಿದ್ದು ಅದು ಸುಮ್ಮನಾಗಿರುತ್ತದೆ.

ನಾಯಿಗಳಲ್ಲೂ ಇದೇ ಚಿತ್ರ ಮೂಡುತ್ತಿದೆ. ದಕ್ಷಿಣ ಕೊರಿಯಾದ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ನಾಯಿಗಳ ಸ್ತನಗಡ್ಡೆಯನ್ನೂ ಅದರ ಪಕ್ಕದ ಆರೋಗ್ಯವಂತ ಅಂಗಾಂಶವನ್ನೂ ಹೋಲಿಸಿ, ಇಡೀ ಡಿಎನ್‌ಎಯಲ್ಲಿ ಮೀಥೈಲ್ ಗುರುತುಗಳು ಎಲ್ಲೆಲ್ಲಿ ವ್ಯತ್ಯಾಸವಾಗಿವೆ ಎಂದು ಗುರುತಿಸಿ 2020ರಲ್ಲಿ ಪ್ರಕಟಿಸಿದರು. ಜೀನುಗಳ ಆರಂಭದಲ್ಲಷ್ಟೇ ಅಲ್ಲದೆ, ಅವುಗಳ ನಡುವಿನ ಇಂಟ್ರಾನ್ ಭಾಗಗಳಲ್ಲೂ ಗುರುತು ಬದಲಾಗಿ ಜೀನಿನ ಕೆಲಸ ಏರುಪೇರಾಗಿತ್ತು. ಮನುಷ್ಯರ ಸ್ತನಕ್ಯಾನ್ಸರಿನ ದತ್ತಾಂಶದಲ್ಲಿ ಹುಡುಕಿದಾಗ ಅಂಥದೇ ಬದಲಾವಣೆಗಳು ಸಿಕ್ಕವು.

ವಯಸ್ಸಿಗೂ ಈ ನಮೂದುಗಳಿಗೂ ಸಂಬಂಧವಿದೆ. ಕ್ಯಾಲಿಫೋರ್ನಿಯಾದ ಸಂಶೋಧಕರು 2020ರಲ್ಲಿ ನೂರಕ್ಕೂ ಹೆಚ್ಚು ಲ್ಯಾಬ್ರಡಾರ್ ನಾಯಿಗಳ ಮೀಥೈಲ್ ಗುರುತುಗಳನ್ನು ಮನುಷ್ಯರ ಗುರುತುಗಳೊಡನೆ ಹೋಲಿಸಿದರು. ನಾಯಿಯ ಒಂದು ವರ್ಷಕ್ಕೆ ಮನುಷ್ಯನ ಏಳು ವರ್ಷ ಎಂಬ ಹಳೆಯ ಲೆಕ್ಕ ಸರಿಯಲ್ಲವೆಂದು ಅದರಿಂದ ತಿಳಿಯಿತು. ಅವರ ಸೂತ್ರದಂತೆ ಒಂದು ವರ್ಷದ ನಾಯಿ ಸುಮಾರು 31 ವರ್ಷದ ಮನುಷ್ಯನಿಗೂ, 8 ವರ್ಷದ ನಾಯಿ ಸುಮಾರು 64 ವರ್ಷದ ಮನುಷ್ಯನಿಗೂ ಸಮ. ಸ್ತನಗಡ್ಡೆ ಹೆಚ್ಚಾಗುವ ಪ್ರಾಯವೂ ಇದೇ ಎಂಬುದು ಗಮನಾರ್ಹ.

ನಾಯಿಯ ಗಡ್ಡೆಗೆ ಇಷ್ಟು ಮಹತ್ವ ಬರಲು ಕಾರಣವುಂಟು. ಪ್ರಯೋಗಾಲಯದ ಇಲಿಯಲ್ಲಿ ಗಡ್ಡೆಯನ್ನು ಬಹುವಾಗಿ ಮನುಷ್ಯರೇ ಹುಟ್ಟಿಸಬೇಕು. ನಾಯಿಗೆ ಅದು ತಾನಾಗಿಯೇ ಬರುತ್ತದೆ, ನಮ್ಮಂತೆಯೇ ಇಳಿವಯಸ್ಸಿನಲ್ಲಿ ಬರುತ್ತದೆ. ಅದು ನಮ್ಮದೇ ಮನೆಯ ಗಾಳಿ, ನೀರು, ಒಲೆಯ ಹೊಗೆಯಲ್ಲಿ ಬಾಳುತ್ತದೆ. ಎಷ್ಟೋ ಸಲ ನಮ್ಮ ರೊಟ್ಟಿಯನ್ನೇ ತಿನ್ನುತ್ತದೆ. ವ್ಯತ್ಯಾಸಗಳೂ ಇವೆ. ನಾಯಿಯ ಗಡ್ಡೆಗಳಲ್ಲಿ ಮೃದ್ವಸ್ಥಿ, ಮೂಳೆ ಬೆರೆತ ಮಿಶ್ರಗಡ್ಡೆಗಳು ಸಾಮಾನ್ಯ. ಹೆಂಗಸರಲ್ಲಿ ಅವು ವಿರಳ. ಆದುದರಿಂದ ನಾಯಿಯ ಬಗ್ಗೆ ಕಂಡದ್ದನ್ನೆಲ್ಲ ಹಾಗೆಯೇ ಮನುಷ್ಯರಿಗೆ ಅನ್ವಯಿಸಲಾಗದು.

ಅಳಿಸಬಹುದೇ?

ಅಕ್ಷರ ಕೆಟ್ಟರೆ ತಿದ್ದುವುದು ಕಷ್ಟ. ನಮೂದನ್ನು ಅಳಿಸುವುದು ತತ್ತ್ವತಃ ಸಾಧ್ಯ. ಮೀಥೈಲ್ ಗುರುತನ್ನು ಕಡಿಮೆ ಮಾಡುವ ಅಜಾಸೈಟಿಡಿನ್ ಎಂಬ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಮನುಷ್ಯರ ಮೂಳೆಮಜ್ಜೆಯ ಒಂದು ರೋಗಕ್ಕೆ. ನಾಯಿಯ ಸ್ತನಗಡ್ಡೆಗೆ ಇಂಥ ಔಷಧ ಇಂದು ವಾಡಿಕೆಯ ಚಿಕಿತ್ಸೆಯಲ್ಲ. ಶಸ್ತ್ರಕ್ರಿಯೆಯೇ ದಾರಿ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಹೊಸ ವಿಜ್ಞಾನದ ಹೆಸರು ಕೇಳಿಬಂದ ಮರುದಿನವೇ ಅದೇ ಹೆಸರಿನ ಪುಡಿ, ಎಣ್ಣೆ, ಕಷಾಯಗಳು ಮಾರುಕಟ್ಟೆಗೆ ಬರುತ್ತವೆ. ಕ್ಯಾನ್ಸರ್ ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ‘ಔಷಧ’ ಎಂಬ ಪದದ ವ್ಯಾಖ್ಯೆಯೊಳಗೆ ಪ್ರಾಣಿಗಳಿಗೆ ಕೊಡುವ ಮದ್ದೂ ಸೇರಿದೆಯೆಂಬುದನ್ನು ಓದುಗರು ನೆನಪಿಡಬೇಕು.

ನಮ್ಮ ಕೈಯಳವಿನಲ್ಲಿರುವುದು

1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಬೀದರ ಜಿಲ್ಲೆಯ ಭಾಗವಾಗಿದ್ದವು. ಇಂದು ಆ ಹಳೆಯ ಜಿಲ್ಲೆಯ ನೆಲದಲ್ಲಿ ಎರಡು ಪಶುವೈದ್ಯ ವಿದ್ಯಾಕೇಂದ್ರಗಳಿವೆ. ಉದಗೀರದಲ್ಲಿ 1987ರಲ್ಲಿ ಆರಂಭವಾದ ಪಶುವೈದ್ಯ ಮಹಾವಿದ್ಯಾಲಯ ಒಂದು. ಬೀದರದಲ್ಲಿ ಕರ್ನಾಟಕದ ಪಶುವೈದ್ಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇನ್ನೊಂದು. ಎಮ್ಮೆಗೆ, ಎತ್ತಿಗೆ ಕಾಯಿಲೆಯಾದಾಗ ನಾವು ಗಾಡಿ ಕಟ್ಟಿಸಿಕೊಂಡು ಹೋಗುತ್ತೇವೆ. ನಾಯಿಯನ್ನೂ ಕರೆದೊಯ್ಯಬಹುದು ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 3ನೆಯ ಕಲಮು, ಪ್ರಾಣಿಯನ್ನು ಸಾಕಿದವನು ಅದರ ಕ್ಷೇಮ ನೋಡಿಕೊಳ್ಳಬೇಕು, ಅನಗತ್ಯ ನೋವನ್ನು ತಪ್ಪಿಸಬೇಕು ಎಂದು ವಿಧಿಸುತ್ತದೆ. ರೋಗಪೀಡಿತ ಸಾಕುಪ್ರಾಣಿಯನ್ನು ಸಕಾರಣವಿಲ್ಲದೆ ಬೀದಿಯಲ್ಲಿ ಸಾಯಲು ಬಿಡುವುದು 11ನೆಯ ಕಲಮಿನಡಿ ಅಪರಾಧ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬೀದಿನಾಯಿಗಳ ಸಂತಾನಹರಣದ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೂ, ಸಾಕುನಾಯಿಯ ಹೊಣೆಯನ್ನು ಮಾಲೀಕರ ಮೇಲೂ ಹೊರಿಸಿವೆ.

ಮನೆಯವರು ಮಾಡಬಹುದಾದದ್ದು ಸರಳ. ತಿಂಗಳಿಗೊಮ್ಮೆ ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಎದೆಯಿಂದ ತೊಡೆಸಂದಿನವರೆಗೆ ಎರಡೂ ಸಾಲುಗಳನ್ನು ಬೆರಳಿನಿಂದ ಮೆಲ್ಲನೆ ಒತ್ತಿ ನೋಡಬೇಕು. ಗಂಟು ಸಿಕ್ಕಿದರೆ ಯಾವ ಸ್ಥಾನ, ಎಷ್ಟು ದೊಡ್ಡದು, ಯಾವ ದಿನಾಂಕ ಎಂದು ಬರೆದಿಡಬೇಕು. ನಾಯಿಯೊಡನೆ ಒಡನಾಟವಿರುವ ಮಕ್ಕಳು ದೊಡ್ಡವರ ಜೊತೆಯಲ್ಲಿ ಕುಳಿತು ಈ ಕೆಲಸವನ್ನು ಚೆನ್ನಾಗಿ ಮಾಡಬಲ್ಲರು. ಬೆಳೆಯುತ್ತದೋ ನೋಡೋಣವೆಂದು ಕಾಯಬಾರದು. ಬರೆ ಹಾಕುವುದು, ದಾರ ಬಿಗಿಯುವುದು, ಸುಣ್ಣ ಹಚ್ಚುವುದು, ಬ್ಲೇಡಿನಿಂದ ಕೊಯ್ಯುವುದು ಸರ್ವಥಾ ಕೂಡದು. ವೈದ್ಯರಲ್ಲಿ ಹೋದಾಗ ಎದೆಯ ಎಕ್ಸ್‌ರೇ ಬೇಕೇ, ತೆಗೆದ ಗಡ್ಡೆಯನ್ನು ಪರೀಕ್ಷೆಗೆ ಕಳಿಸುವಿರಾ ಎಂದು ಕೇಳಬೇಕು. ಹಿಂದೆ ಬೆದೆ ತಡೆಯುವ ಚುಚ್ಚುಮದ್ದು ಕೊಡಿಸಿದ್ದರೆ ಅದನ್ನು ಮುಚ್ಚಿಡಬಾರದು.

ನಾಯಿಯಿಂದ ಮನೆಯವರೆಗೆ

ನಾಯಿಯ ಬಗ್ಗೆ ಹೇಳಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ಭಾರತದಲ್ಲಿ 2022ರ ಒಂದೇ ವರ್ಷ ಸುಮಾರು 1 ಲಕ್ಷ 92 ಸಾವಿರ ಹೆಂಗಸರಲ್ಲಿ ಹೊಸದಾಗಿ ಸ್ತನಕ್ಯಾನ್ಸರ್ ಕಂಡುಬಂದಿದೆಯೆಂದು ಜಾಗತಿಕ ಅಂದಾಜು ಹೇಳುತ್ತದೆ. ನಮ್ಮ ಹೆಂಗಸರೂ ಗಂಟನ್ನು ಸಂಕೋಚದಿಂದ ಬಚ್ಚಿಡುತ್ತಾರೆ, ನೋವಿಲ್ಲವೆಂದು ತಡಮಾಡುತ್ತಾರೆ. ಆರಂಭದಲ್ಲಿ ನೋವಿಲ್ಲದಿರುವುದೇ ಈ ರೋಗದ ಕಪಟ.

ತಿಳಿವಳಿಕೆಯಿಂದ ಏನಾದೀತು ಎಂಬುದಕ್ಕೆ ಸಾಕ್ಷಿ ನಮ್ಮ ಮಗ್ಗುಲಲ್ಲೇ ಇದೆ. ಬಾರ್ಶಿಯಲ್ಲಿ 1987ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಉಸ್ಮಾನಾಬಾದ ಜಿಲ್ಲೆಯ, ಅಂದರೆ ಇಂದಿನ ಧಾರಾಶಿವದ, ಭೂಮ್ ಮತ್ತು ಪರಂಡಾ ತಾಲ್ಲೂಕುಗಳೂ ಅದರ ವ್ಯಾಪ್ತಿಯಲ್ಲಿದ್ದವು. ಆ ಹಳ್ಳಿಗಳಲ್ಲಿ ರೋಗದ ಲಕ್ಷಣಗಳನ್ನು ಜನರಿಗೆ ತಿಳಿಸಿ ಹೇಳಿದ್ದರ ಫಲವಾಗಿ, ಗರ್ಭಕೊರಳಿನ ಕ್ಯಾನ್ಸರ್ ಇರುವ ಹೆಂಗಸರು ಮೊದಲಿಗಿಂತ ಬೇಗನೆ ಆಸ್ಪತ್ರೆಗೆ ಬರತೊಡಗಿದರು. ಮುಂದೆ 1999ರಿಂದ ಅದೇ ಉಸ್ಮಾನಾಬಾದ ಜಿಲ್ಲೆಯಲ್ಲಿ 1,31,746 ಮಹಿಳೆಯರು ಒಂದು ಅಧ್ಯಯನದಲ್ಲಿ ಭಾಗಿಯಾದರು. ಎಚ್‌ಪಿವಿ ವೈರಸ್ ಪರೀಕ್ಷೆಯನ್ನು ಒಂದೇ ಒಂದು ಸಲ ನಡೆಸಿದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದಾದ ಸಾವು ಸುಮಾರು ಅರ್ಧಕ್ಕೆ ಇಳಿದದ್ದು 2009ರಲ್ಲಿ ಪ್ರಕಟವಾಯಿತು. ಸ್ತನದ ವಿಷಯದಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದವರು 20 ವರ್ಷ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷಿಸಿದ್ದರಿಂದ, 50 ದಾಟಿದ ಹೆಂಗಸರಲ್ಲಿ ಸ್ತನಕ್ಯಾನ್ಸರಿನ ಸಾವು ಶೇಕಡಾ 30ರಷ್ಟು ಕಡಿಮೆಯಾಯಿತು. ಇದಕ್ಕೆ ದೊಡ್ಡ ಯಂತ್ರ ಬೇಕಾಗಲಿಲ್ಲ, ಕೈ ಸಾಕಾಯಿತು.

ಅಜ್ಜಿಯೊಡನೆ, ಅವ್ವನೊಡನೆ ಈ ವಿಷಯ ತೆಗೆಯಲು ಮನೆಯಲ್ಲಿ ಸಂಕೋಚವಿದ್ದರೆ ನಾಯಿಯಿಂದ ಮಾತು ಶುರುವಾಗಲಿ. ಕನ್ನಡ ಶಾಲೆಯಲ್ಲಿ ಜೀವಕೋಶದ ಪಾಠ ಓದಿದ ಮಗು ಅಜ್ಜಿಗೆ ಅರ್ಥವಾಗುವ ಮಾತಿನಲ್ಲೇ ಅದನ್ನು ಹೇಳಬಲ್ಲದು. ಗಂಟು ಹಣೆಬರಹವಲ್ಲ, ಒಂದು ನಮೂದು. ಚಿಕ್ಕದಿರುವಾಗಲೇ ತೋರಿಸಿದರೆ ತೆಗೆಸಬಹುದು. ಮುಂದಿನ ಭಾನುವಾರ ನಾಯಿಗೆ ಮೈ ತೊಳೆಯುವಾಗ ಹೊಟ್ಟೆಯಡಿ ಒಮ್ಮೆ ಬೆರಳಾಡಿಸಿ ನೋಡಿ. ಮನೆಯ ಹೆಂಗಸರಿಗೂ ವರ್ಷಕ್ಕೊಮ್ಮೆ ಆರೋಗ್ಯಕೇಂದ್ರದಲ್ಲಿ ಪರೀಕ್ಷೆ ಮಾಡಿಸುವ ದಿನವೊಂದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.